ಸ್ತ್ರೀಯ ಸ್ವದೇಶ

ಸ್ವಾತಂತ್ರ್ಯ ಬಂದ ಎರಡು ವರ್ಷಗಳ ತರುವಾಯ, 1949ರಲ್ಲಿ, ಆಗತಾನೆ ರೂಪುಗೊಳ್ಳುತ್ತಿದ್ದ ಭಾರತೀಯ ವಿದೇಶಾಂಗ ಸೇವೆಯನ್ನು ದಕ್ಷಿಣ ದೇಶದ ಇಬ್ಬರು ಪ್ರತಿಭಾವಂತರು ಸೇರಿದರು. ತಿರುವಾಂಕೂರಿನ ಉಳವೂರೆಂಬ ಹಳ್ಳಿಯ ಬಡ ದಲಿತ ಕುಟುಂಬದಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಹೆರಾಲ್ಡ್ ಲಾಸ್ಕಿಯವರ ಶಿಷ್ಯರಾಗಿದ್ದು ಮರಳಿದ ಕೆ. ಆರ್. ನಾರಾಯಣನ್ ಒಬ್ಬರು, ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿ, ಒಂಬತ್ತನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ತಾಯಿಯ ಆಸರೆಯಲ್ಲಿ ಮಡಿಕೇರಿಯಲ್ಲೂ ಮದರಾಸಿನಲ್ಲೂ ವ್ಯಾಸಂಗ ಮುಗಿಸಿ, ಆ ಸೇವೆಯನ್ನು ಪ್ರವೇಶಿಸಿದ ಪ್ರಥಮ ಮಹಿಳೆಯೆನಿಸಿದ ಸಿ. ಬಿ. ಮುತ್ತಮ್ಮ ಮತ್ತೊಬ್ಬರು. ನಾರಾಯಣನ್ ಬರ್ಮಾ ದೇಶದ ಮಾ ಟಿಂಟ್ ಟಿಂಟ್ ಎಂಬ ತರುಣಿಯನ್ನು ಮೆಚ್ಚಿದರು. ವಿದೇಶೀಯರನ್ನು ವರಿಸಬೇಕೆನ್ನುವ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮವಿದ್ದುದರಿಂದ ವಿಷಯವು ಪ್ರಧಾನಿ ನೆಹರೂ ಅವರವರೆಗೆ ಹೋಯಿತು, ವಿಶೇಷಾನುಮತಿ ದೊರೆಯಿತು, 1951ರಲ್ಲಿ ವಿವಾಹವೂ ಆಯಿತು. ಉಷಾ ಎಂಬ ಹೆಸರನ್ನು ತಳೆದು ಭಾರತದ ಪೌರತ್ವವನ್ನು ಸ್ವೀಕರಿಸಿದ ಆ ಮಹಿಳೆಯ ಪತಿ ಮುಂದೆ ರಾಯಭಾರಿಯಾಗಿ, ಸಚಿವರಾಗಿ, 1997ರಲ್ಲಿ ರಾಷ್ಟ್ರಪತಿಯಾಗಿ ಈ ದೇಶದ ಅತ್ಯುನ್ನತ ಪೀಠವನ್ನು ಅಲಂಕರಿಸಿದರು. ಪತ್ನಿಯ ಜನ್ಮಭೂಮಿ ಅವರ ದಾರಿಗೆ ಅಡ್ಡ ಬರಲಿಲ್ಲ, ಬರಲೂ ಬಾರದಿತ್ತು.

ಮುತ್ತಮ್ಮನವರ ವೃತ್ತಾಂತ ಬೇರೆ. ಸಂದರ್ಶನ ಮಂಡಲಿಯವರೇ ಈ ಸೇವೆ ಸ್ತ್ರೀಯರಿಗೆ ಹೊಂದುವುದಲ್ಲವೆಂದು ಆಕೆಯನ್ನು ಹಿಂಜರಿಸಲು ಯತ್ನಿಸಿದರು. ಆಕೆ ಹಿಂಜರಿಯದೆ ಸೇವೆಗೆ ಸೇರಿದಾಗ, ವಿವಾಹವಾದರೆ ರಾಜೀನಾಮೆ ಕೊಡುವುದಾಗಿ ಮುಚ್ಚಳಿಕೆಯನ್ನು ಬರೆಸಿಕೊಂಡರು. ತರುವಾಯ 1961ರಲ್ಲಿ ರಚಿತವಾದ ನಡತೆ ಮತ್ತು ಶಿಸ್ತಿನ ನಿಯಮಗಳಲ್ಲಿ ಈ ಮನೋಧರ್ಮವೇ ಮುದ್ರಿತ ರೂಪವನ್ನು ತಳೆಯಿತು: ವರನು ವಿದೇಶೀಯನಾಗಿರಲಿ, ಪಕ್ಕದ ಊರಿನ ಸ್ವದೇಶೀಯನೇ ಆಗಿರಲಿ, ಮಹಿಳಾ ಅಧಿಕಾರಿಯು ಮದುವೆಗೆ ಮೊದಲು ಸರ್ಕಾರದ ಲಿಖಿತ ಅನುಮತಿಯನ್ನು ಪಡೆಯತಕ್ಕದ್ದು, ಮದುವೆಯಾದ ಮೇಲೆ ಆಕೆಯ ಗೃಹಕೃತ್ಯಗಳು ಕರ್ತವ್ಯಕ್ಕೆ ಅಡ್ಡಿಯಾಗಬಹುದೆಂದು ಸರ್ಕಾರಕ್ಕೆ ತೋರಿದಲ್ಲಿ ಯಾವಾಗ ಬೇಕಾದರೂ ಆಕೆಯಿಂದ ರಾಜೀನಾಮೆಯನ್ನು ಕೇಳಬಹುದು. ನೇಮಕದ ನಿಯಮಗಳೋ, ವಿವಾಹಿತ ಸ್ತ್ರೀಗೆ ಈ ಸೇವೆಯಲ್ಲಿ ಸ್ಥಾನವನ್ನು ಹಕ್ಕೆಂದು ಕೇಳುವ ಅಧಿಕಾರವೇ ಇಲ್ಲವೆಂದು ಸಾರಿದವು. ವಿದೇಶೀಯರನ್ನು ವರಿಸುವಾಗಿನ ಅನುಮತಿಯೊಂದನ್ನು ಬಿಟ್ಟರೆ ಗಂಡಸರಿಗೆ ಇಂಥ ಯಾವ ನಿಬಂಧನೆಯೂ ಇರಲಿಲ್ಲ. ಮುತ್ತಮ್ಮನವರು ಅವಿವಾಹಿತರಾಗಿಯೇ ಉಳಿದರು. 1970ರಲ್ಲಿ ಹಂಗೇರಿಗೆ ರಾಯಭಾರಿಯಾಗಿ, ಸೇವಾವರ್ಗದಿಂದ ಆ ಪದವಿಗೇರಿದ ಪ್ರಥಮ ಮಹಿಳೆಯಾದರು. ಮುಂದೆ ಬಡ್ತಿಯಲ್ಲಿ ಕಿರಿಯರು ತಮ್ಮನ್ನು ದಾಟಿ ಹೋದಾಗ ಸುಮ್ಮನಿರದೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಲನ್ನೇರಿದರು.

1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ನೀಡಿದ ತೀರ್ಪು ಈ ವಿಷಯದಲ್ಲಿ ಆಸ್ಥೆಯುಳ್ಳ ಪ್ರತಿಯೊಬ್ಬರೂ ಓದಬೇಕಾದ ಬರಹ. ಅಷ್ಟರೊಳಗೆ ಸರ್ಕಾರವು ಆಕೆಗೆ ಬಡ್ತಿಯನ್ನು ಕೊಟ್ಟು, ಒಂದು ನಿಯಮವನ್ನು ತೆಗೆದು ಹಾಕಿ, ಮತ್ತೊಂದನ್ನು ತೆಗೆಯುವುದಾಗಿ ವಚನವಿತ್ತಿದ್ದುದರಿಂದ ಅರ್ಜಿಯೇನೋ ವಜಾ ಆಯಿತು. ಆದರೆ ಮನೆಯ ಹೊಣೆ ಹೆಣ್ಣಿನ ಕಾರ್ಯದಕ್ಷತೆಗೆ ಅಡ್ಡಿಯಾಗಬಹುದಾದರೆ ಗಂಡಿನ ದಕ್ಷತೆಗೂ ಆಗಬಹುದಲ್ಲವೇ, ವಿವಾಹದಿಂದ ಸರ್ಕಾರಕ್ಕೆ ಅಪಾಯವಿದ್ದರೆ ಅದು ಇಬ್ಬರ ವಿವಾಹದಿಂದಲೂ ಇದ್ದೇ ಇದೆಯಲ್ಲವೇ ಎಂದು ನ್ಯಾಯಾಲಯ ಕೇಳಿದ ಪ್ರಶ್ನೆಗೆ ಸರ್ಕಾರದ ಬಳಿ ಉತ್ತರವಿರಲಿಲ್ಲ. ನಿಯಮಗಳಲ್ಲಿ ಉಳಿದಿರುವ ಇಂಥ ಕಲ್ಮಷಗಳನ್ನೆಲ್ಲ, ಒಬ್ಬೊಬ್ಬರೂ ನ್ಯಾಯಾಲಯಕ್ಕೆ ಬರುವವರೆಗೆ ಕಾಯದೆ, ತಾನಾಗಿಯೇ ತೊಡೆಯಬೇಕೆಂದು ಅದು ಸರ್ಕಾರಕ್ಕೆ ಹೇಳಿತು. ಮೂವತ್ತು ವರ್ಷ ರಾಷ್ಟ್ರದ ಪರವಾಗಿ ಪರದೇಶಗಳಲ್ಲಿ ಮಾತನಾಡಿದ ಮಹಿಳೆ, ತಾನೂ ಆ ರಾಷ್ಟ್ರದ ಪೂರ್ಣಾಂಗ ಪ್ರಜೆಯೆಂಬುದನ್ನು ಸ್ವದೇಶದ ನ್ಯಾಯಪೀಠದ ಮುಂದೆ ಸಾಧಿಸಬೇಕಾಗಿ ಬಂದುದು ನನ್ನ ಮನಸ್ಸನ್ನು ಇಂದಿಗೂ ನೋಯಿಸುತ್ತದೆ.

ನಿಯಮವು ಅಳಿದರೂ ಅದನ್ನು ಹುಟ್ಟಿಸಿದ ಭಾವನೆ ನಮ್ಮ ಸಾರ್ವಜನಿಕ ಜೀವನದಲ್ಲಿ ಉಳಿದುಕೊಂಡಿದೆ ಎಂಬುದೇ ನಾನಿಲ್ಲಿ ಹೇಳಬೇಕೆಂದಿರುವ ಮಾತು. ಪುರುಷನ ರಾಷ್ಟ್ರೀಯತೆ ಅವನ ಹುಟ್ಟಿನಿಂದಲೋ ಸೇವೆಯಿಂದಲೋ ಸ್ವತಂತ್ರವಾಗಿ ನಿಲ್ಲುತ್ತದೆ. ಅವನು ಯಾರನ್ನು ವರಿಸಿದನೆಂಬುದು ಅವನ ಮನೆಯ ಸಂಗತಿ. ಸ್ತ್ರೀಯ ರಾಷ್ಟ್ರೀಯತೆಯನ್ನಾದರೋ ಆಕೆಯ ಪತಿಯ ಮೂಲಕ ಅಳೆಯುತ್ತೇವೆ. ತನ್ನ ದೇಶವನ್ನು ಆಕೆ ಮದುವೆಯ ಚಪ್ಪರದಲ್ಲಿ ಬಿಟ್ಟೋ ಪಡೆದೋ ಹೊರಡುತ್ತಾಳೆಂದು ನಂಬುತ್ತೇವೆ. ಈ ನಂಬಿಕೆಗೆ ಎಡಬಲದ ಭೇದವಿಲ್ಲ, ಪಕ್ಷಪಕ್ಷಗಳ ಭೇದವೂ ಇಲ್ಲ.

ನಮ್ಮ ಸಂವಿಧಾನಕ್ಕೆ ಈ ದೋಷ ಅಂಟಿಲ್ಲವೆಂಬುದನ್ನು ಮೊದಲು ಹೇಳಬೇಕು. ಗಣರಾಜ್ಯದ ಆರಂಭಕಾಲದಲ್ಲಿ ಯಾರು ಪೌರರೆಂದು ನಿರ್ಣಯಿಸುವ ಐದನೆಯ ವಿಧಿಯು ತಂದೆತಾಯಿಗಳಲ್ಲಿ ಯಾರೊಬ್ಬರು ಈ ನೆಲದಲ್ಲಿ ಜನಿಸಿದ್ದರೂ ಸಾಕೆಂದು, ಇಬ್ಬರನ್ನೂ ಸಮವಾಗಿ ಎಣಿಸಿತು. ಆದರೆ ಐದು ವರ್ಷಗಳ ನಂತರ, 1955ರಲ್ಲಿ, ಸಂಸತ್ತು ಪೌರತ್ವದ ಕಾಯಿದೆಯನ್ನು ರಚಿಸಿದಾಗ ಮಾತು ಬದಲಾಯಿತು. ಪರದೇಶದಲ್ಲಿ ಹುಟ್ಟಿದ ಶಿಶುವಿಗೆ ವಂಶಕ್ರಮದಿಂದ ಭಾರತದ ಪೌರತ್ವ ಬರಬೇಕಾದರೆ ತಂದೆ ಭಾರತೀಯನಾಗಿರಬೇಕು. ತಾಯಿ ಭಾರತೀಯಳಾಗಿದ್ದರೆ ಸಾಲದು. ಭಾರತೀಯ ಪುರುಷನನ್ನು ವರಿಸಿದ ವಿದೇಶೀ ಸ್ತ್ರೀಗೆ ನೋಂದಣಿಯ ಮೂಲಕ ಪೌರತ್ವದ ಬಾಗಿಲು ತೆರೆದಿತ್ತು. ಭಾರತೀಯ ಸ್ತ್ರೀಯನ್ನು ವರಿಸಿದ ವಿದೇಶೀ ಪುರುಷನಿಗೆ ಆ ಬಾಗಿಲಿರಲಿಲ್ಲ. ಎರಡನೆಯದು 1986ರ ತಿದ್ದುಪಡಿಯಿಂದಲೂ, ಮೊದಲನೆಯದು 1992ರ ತಿದ್ದುಪಡಿಯಿಂದಲೂ ನಿವಾರಣೆಯಾದವು. ನಾಲ್ಕು ದಶಕಗಳ ಸನಿಹದ ಕಾಲ, ಹೊರನಾಡಿನಲ್ಲಿ ಹೆತ್ತ ಕನ್ನಡತಿಯಾಗಲಿ ತಮಿಳು ಹೆಂಗಸಾಗಲಿ ತನ್ನ ಕೂಸಿಗೆ ತನ್ನ ನುಡಿಯನ್ನು ಕೊಡಬಲ್ಲವಳಾಗಿದ್ದಳು, ತನ್ನ ದೇಶವನ್ನು ಕೊಡಲಾರದವಳಾಗಿದ್ದಳು.

ಇದಕ್ಕಿಂತಲೂ ಕಠೋರವಾದ ಶಾಸನವೊಂದಿತ್ತು. ಅದರ ನೆನಪು ಪಂಜಾಬಿನಾಚೆ ಹೆಚ್ಚಾಗಿ ಉಳಿದಿಲ್ಲ. ದೇಶವಿಭಜನೆಯ ಘೋರ ದಿನಗಳಲ್ಲಿ ಗಡಿಯ ಎರಡು ಕಡೆಗಳಲ್ಲೂ ಸಹಸ್ರಾರು ಸ್ತ್ರೀಯರ ಅಪಹರಣವಾಯಿತು. ಅವರನ್ನು ಹುಡುಕಿ ಅವರವರ ದೇಶಗಳಿಗೆ ಒಪ್ಪಿಸುವ ಒಡಂಬಡಿಕೆ 1947ರ ಡಿಸೆಂಬರಿನಲ್ಲಿ ಎರಡು ಸರ್ಕಾರಗಳ ನಡುವೆ ಆಯಿತು. 1949ರಲ್ಲಿ ಭಾರತವು ಅದಕ್ಕಾಗಿ ಪ್ರತ್ಯೇಕ ಕಾಯಿದೆಯನ್ನೇ ಮಾಡಿತು. ಆ ಕಾಯಿದೆಯಲ್ಲಿ ಅಪಹೃತ ವ್ಯಕ್ತಿ ಎಂದರೆ ಯಾರೆಂಬ ವಿವರಣೆಯನ್ನು ನೋಡಬೇಕು. ಗಂಡಾದರೆ ಹದಿನಾರು ವರ್ಷದೊಳಗಿನ ಬಾಲಕ. ಹೆಣ್ಣಾದರೆ ಯಾವ ವಯಸ್ಸಿನವಳಾದರೂ ಸರಿ. ಹದಿನಾರು ತುಂಬಿದ ಹುಡುಗ ತನ್ನ ದೇಶವನ್ನು ತಾನೇ ಆರಿಸಿಕೊಳ್ಳಬಲ್ಲನೆಂದು ನಂಬಿದ ರಾಜ್ಯವು, ನಲವತ್ತರ ಹೆಂಗಸಿಗೆ ಆ ವಿವೇಕವನ್ನು ಒಪ್ಪಲಿಲ್ಲ. 1947ರ ಮಾರ್ಚ್ 1ರ ಅನಂತರ ಕುಟುಂಬದಿಂದ ಅಗಲಿ ಅನ್ಯರ ಮನೆಯಲ್ಲಿರುವ ಮುಸ್ಲಿಮ್ ಸ್ತ್ರೀಯನ್ನು ಪೊಲೀಸರು ವಾರಂಟಿಲ್ಲದೆ ಮನೆ ಹೊಕ್ಕು ಹಿಡಿದು ಶಿಬಿರಕ್ಕೆ ಸೇರಿಸಬಹುದಾಗಿತ್ತು; ಆಕೆ ಅಪಹೃತಳೇ ಅಲ್ಲವೇ ಎಂಬ ವಿವಾದವನ್ನು ವಿಶೇಷ ಮಂಡಲಿ ತೀರ್ಮಾನಿಸುತ್ತಿತ್ತು; ನಾನು ಹೋಗಲೊಲ್ಲೆ ಎಂಬ ಆಕೆಯ ಮಾತಿಗೆ ಕಾಯಿದೆಯಲ್ಲಿ ಸ್ಥಾನವಿರಲಿಲ್ಲ. ಸಂವಿಧಾನ ಸಭೆಯಲ್ಲಿಯೇ ಕೆಲವು ಸದಸ್ಯರು ಇದನ್ನು ಆಕ್ಷೇಪಿಸಿದರು. ಆದರೂ ಸರ್ವೋಚ್ಚ ನ್ಯಾಯಾಲಯವು 1952ರಲ್ಲಿ ಆ ಕಾಯಿದೆಯನ್ನು ಎತ್ತಿ ಹಿಡಿಯಿತು.

ಅಪಹರಣಕಾರರ ಸೆರೆಯಿಂದ ಬಿಡುಗಡೆ ಹೊಂದಿ ತಾಯ್ತಂದೆಗಳನ್ನು ಮತ್ತೆ ಕಂಡ ಅಸಂಖ್ಯಾತ ಸ್ತ್ರೀಯರಿಗೆ ಆ ಕಾರ್ಯದಿಂದ ಪುನರ್ಜನ್ಮ ದೊರೆಯಿತೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಪಹೃತರ ಶೋಧದಲ್ಲಿ ತೊಡಗಿದ್ದ ಮೃದುಲಾ ಸಾರಾಭಾಯಿ ಮೊದಲಾದವರ ಅವಿಶ್ರಾಂತ ದುಡಿಮೆಯನ್ನು ಗೌರವದಿಂದಲೇ ಸ್ಮರಿಸಬೇಕು. ಎರಡು ದೇಶಗಳಿಂದಲೂ ಹೀಗೆ ಸುಮಾರು 30,000 ಸ್ತ್ರೀಯರು ಹಿಂದಿರುಗಿದರೆಂದು ಲೆಕ್ಕವಿದೆ. ಆದರೆ ಅವರಲ್ಲಿ ಕೆಲವರು, ಕಳೆದ ಬಾಳಿನಲ್ಲಿ ಉಳಿದವರು ಯಾರೂ ಇಲ್ಲದೆ, ಹೊಸ ಮನೆಯಲ್ಲಿ ಮಕ್ಕಳನ್ನು ಹೆತ್ತು ನೆಲೆಗೊಂಡವರು. ಅವರನ್ನು ಎರಡನೆಯ ಸಲ ಬಲಾತ್ಕಾರವಾಗಿ ಕಿತ್ತೊಯ್ದವರು ಯಾವ ದುರುಳರೂ ಅಲ್ಲ, ಎರಡು ಸಭ್ಯ ರಾಜ್ಯಗಳು. ಏತಕ್ಕೆಂದರೆ ಆ ಸ್ತ್ರೀಯರು ವ್ಯಕ್ತಿಗಳಾಗಿದ್ದುದಕ್ಕಿಂತ ಹೆಚ್ಚಾಗಿ ರಾಷ್ಟ್ರದ ಮಾನವಾಗಿದ್ದರು. ಮಾನವನ್ನು ಹಿಂದಕ್ಕೆ ತರುವಾಗ ಅದರ ಅಭಿಪ್ರಾಯವನ್ನು ಕೇಳುವವರು ಯಾರು? ಹೆಣ್ಣನ್ನು ದೇಶದ ಮಾನವೆಂದು ಪೂಜಿಸುವ ಭಾಷೆಯನ್ನು ನಾನು ಅವಿಶ್ವಾಸದಿಂದ ಕೇಳುವುದು ಈ ಕಾರಣಕ್ಕಾಗಿಯೇ.

ನಮ್ಮ ನಾಡಿನ ನೆಲದಲ್ಲಿಯೇ ನಡೆದ ಪ್ರಸಂಗವೊಂದಕ್ಕೆ ಬರೋಣ. 1999ರ ಲೋಕಸಭಾ ಚುನಾವಣೆಯಲ್ಲಿ ಬಳ್ಳಾರಿಯ ಬಿಸಿಲಿಗೆ ದೇಶದ ಕಣ್ಣೆಲ್ಲ ತಿರುಗಿತು. ಕಾಂಗ್ರೆಸ್ಸಿನಿಂದ ಸೋನಿಯಾ ಗಾಂಧಿ, ಭಾರತೀಯ ಜನತಾ ಪಕ್ಷದಿಂದ ಸುಷ್ಮಾ ಸ್ವರಾಜ್. ಸುಷ್ಮಾ ಸ್ವರಾಜರು ಅಲ್ಪಕಾಲದಲ್ಲೇ ಕನ್ನಡವನ್ನು ಕಲಿತು ಸಭೆಗಳಲ್ಲಿ ಕನ್ನಡದಲ್ಲಿ ಭಾಷಣ ಮಾಡಿದುದೂ, ಸೋತ ಮೇಲೂ ವರ್ಷವರ್ಷವೂ ವರಮಹಾಲಕ್ಷ್ಮಿ ವ್ರತಕ್ಕೆ ಬಳ್ಳಾರಿಗೆ ಬರುತ್ತಿದ್ದುದೂ ಅಲ್ಲಿಯ ಜನ ಮರೆಯದ ಸಂಗತಿಗಳು. ಅಂಥ ಮೇಧಾವಿನಿಯಾದ ಅಭ್ಯರ್ಥಿಯ ಪರವಾಗಿ ಮೊಳಗಿದ ಘೋಷಣೆ ಯಾವುದು? ವಿದೇಶಿ ಸೊಸೆಗೂ ಸ್ವದೇಶಿ ಮಗಳಿಗೂ ನಡೆಯುವ ಸಮರ ಇದು ಎಂಬುದು. ಗಣಿ ಧೂಳು, ಕುಡಿಯುವ ನೀರು, ತುಂಗಭದ್ರೆಯ ಹೂಳು ಇವಾವುವೂ ಅಷ್ಟು ಗಟ್ಟಿಯಾಗಿ ಕೇಳಿಸಲಿಲ್ಲ. ಇದಕ್ಕೆ ಪ್ರತಿಪಕ್ಷದವರು ಕೊಟ್ಟ ಉತ್ತರವನ್ನು ಗಮನಿಸಿದರೆ ರೋಗದ ಆಳ ತಿಳಿಯುತ್ತದೆ. ಸೋನಿಯಾ ಅವರು 1983ರಲ್ಲಿ ವಿಧಿವತ್ತಾಗಿ ಪೌರತ್ವವನ್ನು ಪಡೆದ ಪ್ರಜೆ, ಆದುದರಿಂದ ಸ್ಪರ್ಧಿಸುವ ಹಕ್ಕು ಅವರಿಗೆ ಸ್ವತಃಸಿದ್ಧವೆಂದು ಹೇಳಿ ಸುಮ್ಮನಾಗಬಹುದಾಗಿತ್ತು. ಅದನ್ನು ಬಿಟ್ಟು, ಆಕೆ ಇಂದಿರಾ ಗಾಂಧಿಯವರ ಸೊಸೆ, ಮೆಟ್ಟಿದ ಮನೆಯೇ ಹೆಣ್ಣಿಗೆ ಮನೆ, ಆದುದರಿಂದ ಆಕೆ ನಮ್ಮವಳು ಎಂದು ವಾದಿಸಿದರು. ಒಂದು ಪಕ್ಷ ಸೊಸೆತನದಿಂದಲೇ ಆಕೆಯನ್ನು ಪರಕೀಯಳನ್ನಾಗಿಸಿತು, ಮತ್ತೊಂದು ಸೊಸೆತನದಿಂದಲೇ ಸ್ವಕೀಯಳನ್ನಾಗಿಸಿತು. ಪ್ರಜೆಯೆಂದು ಕರೆದವರು ವಿರಳ. ಸೋನಿಯಾ ಸುಮಾರು 56,000 ಮತಗಳಿಂದ ಗೆದ್ದರು. ಆಮೇಲೆ ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಯನ್ನು ಬಿಟ್ಟುಕೊಟ್ಟರು. ಆ ನಾಡಿನ ಮತದಾರರ ಪಾಲಿಗೆ ಈ ಸೊಸೆಮಗಳ ಸಮರದಿಂದ ಬಂದ ಲಾಭವೇನೆಂಬುದು ಬೇರೆಯೇ ಪ್ರಶ್ನೆ.

ಅದೇ ವರ್ಷದ ಮೇ ತಿಂಗಳಲ್ಲಿ ಶರದ್ ಪವಾರ್ ಮೊದಲಾದ ಮೂವರು ನಾಯಕರು, ವಿದೇಶದಲ್ಲಿ ಜನಿಸಿದವರು ಪ್ರಧಾನಿಯಾಗಕೂಡದೆಂದು ವಾದಿಸಿ ಕಾಂಗ್ರೆಸ್ಸಿನಿಂದ ಉಚ್ಚಾಟಿತರಾಗಿ, ಮುಂದೆ ಹೊಸ ಪಕ್ಷವನ್ನು ಕಟ್ಟಿದರು; ಅಕ್ಟೋಬರಿನಲ್ಲಿ ಮಹಾರಾಷ್ಟ್ರದ ಅಧಿಕಾರಕ್ಕಾಗಿ ಅದೇ ಕಾಂಗ್ರೆಸ್ಸಿನೊಡನೆ ಕೈಜೋಡಿಸಿದರು. ಐದೇ ತಿಂಗಳಲ್ಲಿ ಕರಗಿದ ರಾಷ್ಟ್ರನಿಷ್ಠೆ ಯಾವ ಬಗೆಯದು? 2004ರಲ್ಲಿ ಸೋನಿಯಾ ಪ್ರಧಾನಿಯಾಗುವ ಸಂಭವ ಒದಗಿದಾಗ ಸುಷ್ಮಾ ಸ್ವರಾಜರು ತಲೆ ಬೋಳಿಸಿಕೊಂಡು, ಬಿಳಿಯ ಸೀರೆಯನ್ನುಟ್ಟು, ನೆಲದ ಮೇಲೆ ಮಲಗಿ, ಕಡಲೆಯನ್ನು ತಿಂದು ಬದುಕುವೆನೆಂದು ಶಪಥ ಮಾಡಿದರು. ಅವರ ಬುದ್ಧಿಶಕ್ತಿಯನ್ನೂ ವಾಕ್ಪಟುತ್ವವನ್ನೂ ಬಲ್ಲವರಿಗೆ ಆ ಮಾತು ವ್ಯಥೆಯನ್ನುಂಟುಮಾಡಿತು. ಪುರುಷ ರಾಜಕಾರಣಿಗಳು ಪ್ರತಿಭಟನೆಗಾಗಿ ರಾಜೀನಾಮೆ ಕೊಡುತ್ತಾರೆ, ಸಭಾತ್ಯಾಗ ಮಾಡುತ್ತಾರೆ. ರಾಷ್ಟ್ರದ ಅಪಮಾನವನ್ನು ತೋರಿಸಬೇಕಾದ ಸ್ತ್ರೀಗೆ ದೊರೆತ ಭಾಷೆ ವೈಧವ್ಯದ ಭಾಷೆ. ಯಾವ ಲಾಂಛನಗಳನ್ನು ವಿಧವೆಯರ ಮೇಲಿಂದ ಕಿತ್ತೊಗೆಯಲು ಸುಧಾರಕರು ಒಂದು ಶತಮಾನ ಹೋರಾಡಿದರೋ, ಅವನ್ನೇ ದೇಶಭಕ್ತಿಯ ಹೆಸರಿನಲ್ಲಿ ಮತ್ತೆ ಧರಿಸುವ ಪ್ರತಿಜ್ಞೆ.

ಸ್ತ್ರೀಯನ್ನು ಪತಿಯ ಮೂಲಕ ಅಳೆಯುವ ಆ ಭಾವನೆ ತನ್ನವರು ಅನ್ಯರು ಎಂಬ ಭೇದವನ್ನು ಮಾಡುವುದಿಲ್ಲವೆಂಬುದಕ್ಕೆ ಸುಷ್ಮಾ ಸ್ವರಾಜರ ಬಾಳೇ ಸಾಕ್ಷಿಯಾಯಿತು. ಮುತ್ತಮ್ಮನವರು ಹೋರಾಡಿದ ಅದೇ ವಿದೇಶಾಂಗ ಇಲಾಖೆಗೆ ಸುಷ್ಮಾ 2014ರಲ್ಲಿ ಸಚಿವರಾದರು. ಪರದೇಶಗಳಲ್ಲಿ ಸಂಕಟಕ್ಕೊಳಗಾದ ಭಾರತೀಯರ ಮೊರೆಗೆ ಓಗೊಟ್ಟು ಪಕ್ಷಾತೀತವಾದ ಪ್ರೀತಿಯನ್ನು ಗಳಿಸಿದರು. 2018ರ ಜೂನ್‌ನಲ್ಲಿ, ಮುಸ್ಲಿಮನನ್ನು ವರಿಸಿದ ಹಿಂದೂ ಮಹಿಳೆಯೊಬ್ಬರು, ಮದುವೆಯ ಮೇಲೆ ಹೆಸರನ್ನು ಬದಲಿಸಿಕೊಳ್ಳದ ಕಾರಣಕ್ಕೆ ಲಖನೌದ ಪಾಸ್‌ಪೋರ್ಟ್ ಕಛೇರಿಯಲ್ಲಿ ತನಗೆ ಅವಮಾನವಾಯಿತೆಂದು ದೂರಿತ್ತರು. ಅಧಿಕಾರಿಯ ವರ್ಗಾವಣೆಯಾಯಿತು, ಪಾಸ್‌ಪೋರ್ಟ್ ದೊರೆಯಿತು. ಆಗ ಸಚಿವೆ ಪರದೇಶದಲ್ಲಿದ್ದರು. ಆದರೂ, ಅಲ್ಲಿಯವರೆಗೆ ಅವರನ್ನು ರಾಷ್ಟ್ರೀಯತೆಯ ಮೂರ್ತಿಯೆಂದು ಕೊಂಡಾಡುತ್ತಿದ್ದವರೇ ಸಾಮಾಜಿಕ ಜಾಲತಾಣಗಳಲ್ಲಿ ಬೈಗುಳದ ಮಳೆಯನ್ನು ಕರೆದರು. ಮನೆಗೆ ಬಂದಾಗ ಆಕೆಯನ್ನು ಹೊಡೆದು ಬುದ್ಧಿ ಕಲಿಸೆಂದು ಒಬ್ಬನು ಅವರ ಪತಿಗೆ ಉಪದೇಶಿಸಿದನು. ದೇಶದ ವಿದೇಶಾಂಗ ಸಚಿವೆಯ ನೀತಿ ತಪ್ಪೆಂದು ತೋರಿದರೆ ದೂರನ್ನು ಆಕೆಯ ಪತಿಗೆ ಒಯ್ಯಬೇಕೆಂದು ತಿಳಿದವನು ಒಬ್ಬನೇ ಆಗಿದ್ದರೆ ಚಿಂತೆಯಿರಲಿಲ್ಲ. ಇಂಥ ಮಾತುಗಳನ್ನು ಒಪ್ಪುವಿರಾ ಎಂದು ಸುಷ್ಮಾ ಸಾರ್ವಜನಿಕವಾಗಿ ಪ್ರಶ್ನೆಯಿಟ್ಟಾಗ ಉತ್ತರ ಕೊಟ್ಟವರಲ್ಲಿ ಶೇಕಡ 43 ಮಂದಿ ಒಪ್ಪುತ್ತೇವೆಂದರು. ಸ್ವಪಕ್ಷದ ಸಹೋದ್ಯೋಗಿಗಳಲ್ಲಿ ಬಹುಮಂದಿ ಮೊದಮೊದಲು ಮೌನವಾಗಿದ್ದರು. ಕೆಲವರು ತಡವಾಗಿ ಬಾಯಿ ತೆರೆದರು.

ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಅವರ ಪ್ರಕರಣವನ್ನು ಓದುಗರು ಬಲ್ಲರು. 2014ರ ಜುಲೈಯಲ್ಲಿ ಹೊಸದಾಗಿ ಉದಯಿಸಿದ ತೆಲಂಗಾಣವು ಅವರನ್ನು ತನ್ನ ಪ್ರಚಾರ ರಾಯಭಾರಿಯಾಗಿ ಆರಿಸಿದಾಗ, ಅಲ್ಲಿಯ ಭಾರತೀಯ ಜನತಾ ಪಕ್ಷದ ನಾಯಕರೊಬ್ಬರು ಆಕೆ ಪಾಕಿಸ್ತಾನದ ಸೊಸೆಯೆಂದು ಆಕ್ಷೇಪಿಸಿದರು. ಎರಡು ಬಾರಿ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿಯನ್ನು ಭಾರತದ ಹೆಸರಿನಲ್ಲಿ ಗೆದ್ದಿದ್ದ ಆಟಗಾರ್ತಿ, ತನ್ನ ಕುಟುಂಬ ಶತಮಾನದಿಂದ ಹೈದರಾಬಾದಿನಲ್ಲಿದೆಯೆಂದೂ, ಸಾಯುವವರೆಗೂ ತಾನು ಭಾರತೀಯಳೆಂದೂ ಹೇಳಿಕೆ ಕೊಡಬೇಕಾಯಿತು. ಅದೇ ಪಕ್ಷದ ಕೇಂದ್ರ ಸಚಿವರೊಬ್ಬರು ಆಕೆ ಭಾರತದ ಹೆಮ್ಮೆಯೆಂದು ಹೇಳಿದುದನ್ನು ನ್ಯಾಯವಾಗಿ ಸ್ಮರಿಸಬೇಕು. ಆಕೆಯ ಪತಿಯಾಗಿದ್ದ ಶೋಯೆಬ್ ಮಲಿಕ್ ಭಾರತದ ಅಳಿಯನಾದ ಬಳಿಕವೂ ದಶಕಕ್ಕೂ ಮೀರಿ ಪಾಕಿಸ್ತಾನದ ಕ್ರಿಕೆಟ್ ತಂಡದಲ್ಲಿ ಆಡಿದರು.

ಪ್ರಸಿದ್ಧರಿಗಾದರೆ ಹೇಳಿಕೆ ಕೊಡಲು ವೇದಿಕೆಯುಂಟು. ಅಸ್ಸಾಮಿನ ಬಡ ಹೆಂಗಸಿಗೆ ಅದೂ ಇಲ್ಲ. ಅಲ್ಲಿ ರಾಷ್ಟ್ರೀಯ ಪೌರರ ನೋಂದಣಿ ನಡೆದಾಗ, ಪ್ರತಿಯೊಬ್ಬರೂ 1971ಕ್ಕೆ ಹಿಂದಿನ ಪೂರ್ವಜರೊಡನೆ ತಮಗಿರುವ ಸಂಬಂಧವನ್ನು ದಾಖಲೆಯಿಂದ ತೋರಿಸಬೇಕಾಗಿತ್ತು. ಶಾಲೆಯ ಮೆಟ್ಟಲು ಹತ್ತದೆ, ಜನನಪತ್ರವಿಲ್ಲದೆ, ಮತದಾರರ ಪಟ್ಟಿಗೆ ಹೆಸರು ಸೇರುವ ಮೊದಲೇ ಮದುವೆಯಾಗಿ ಬೇರೆ ಹಳ್ಳಿಗೆ ಹೋದ ಹೆಣ್ಣಿನ ಹೆಸರು ಎಲ್ಲ ಕಾಗದಗಳಲ್ಲಿಯೂ ಗಂಡನ ಹೆಸರಿನೊಡನೆ ಮಾತ್ರ ಕಾಣುತ್ತದೆ. ಆಕೆ ತನ್ನ ತಂದೆಯ ಮಗಳೆಂಬುದಕ್ಕೆ ಗ್ರಾಮ ಪಂಚಾಯತಿಯ ಪ್ರಮಾಣಪತ್ರವೊಂದೇ ಆಧಾರ. 2017ರ ಫೆಬ್ರವರಿಯಲ್ಲಿ ಗುವಾಹಾಟಿಯ ಉಚ್ಚ ನ್ಯಾಯಾಲಯ ಆ ಪತ್ರವನ್ನು ತಳ್ಳಿಹಾಕಿದಾಗ ಲಕ್ಷಗಟ್ಟಲೆ ವಿವಾಹಿತ ಸ್ತ್ರೀಯರ ಪೌರತ್ವ ಗಾಳಿಯಲ್ಲಿ ತೂಗಿತು. ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪರಿಶೀಲನೆಯ ಷರತ್ತಿನೊಡನೆ ಅದನ್ನು ಊರ್ಜಿತಗೊಳಿಸಿದ ಮೇಲೆಯೇ ಅವರಿಗೆ ಉಸಿರು ಬಂದುದು. ಗಂಡಸು ಹುಟ್ಟಿದ ಮನೆಯಲ್ಲೇ ಬಾಳುತ್ತಾನೆ, ಅವನ ಕಾಗದಗಳು ಅವನೊಡನೆ ಇರುತ್ತವೆ. ಹೆಣ್ಣು ಹೊರಟುಹೋಗಬೇಕೆಂಬ ಪದ್ಧತಿಯನ್ನು ಮಾಡಿದವರು ನಾವೇ. ಹೊರಟುಹೋದುದಕ್ಕೆ ಲೆಕ್ಕ ಕೇಳುವವರೂ ನಾವೇ.

ಅತ್ಯುನ್ನತ ಪದವಿಗಳನ್ನು ಈ ನೆಲದಲ್ಲಿ ಹುಟ್ಟಿದವರಿಗೇ ಮೀಸಲಿಡಬೇಕೆಂದು ವಾದಿಸುವವರಿದ್ದಾರೆ. ಅಮೆರಿಕದ ಸಂವಿಧಾನ ಅಧ್ಯಕ್ಷಪದವಿಯನ್ನು ಹುಟ್ಟಿನಿಂದಲೇ ಪೌರರಾದವರಿಗೆ ಮೀಸಲಿಟ್ಟಿದೆ. ಅದು ವಿಚಾರಾರ್ಹವಾದ ವಾದ. ಅದನ್ನು ಒಪ್ಪುವವರು ಸಂಸತ್ತಿನಲ್ಲಿ ತಿದ್ದುಪಡಿಯನ್ನು ಮಂಡಿಸಲಿ, ಸ್ತ್ರೀಪುರುಷರಿಬ್ಬರಿಗೂ ಸಮನಾಗಿ ಅನ್ವಯಿಸಲಿ, ದೇಶ ಅದನ್ನು ಚರ್ಚಿಸಲಿ. ನನ್ನ ಆಕ್ಷೇಪವಿರುವುದು, ಕಾನೂನಿನಲ್ಲಿಲ್ಲದ ಅನರ್ಹತೆಯನ್ನು ಮದುವೆಯ ನೆಪದಿಂದ ಹೆಣ್ಣಿನ ಮೇಲೆ ಮಾತ್ರ ಹೊರಿಸುವ ವರ್ತನೆಗೆ. ಲಂಡನ್ನಿನಲ್ಲಿ ಹುಟ್ಟಿದ ಆನಿ ಬೆಸೆಂಟರನ್ನು 1917ರಲ್ಲಿ ಕಲ್ಕತ್ತೆಯ ಅಧಿವೇಶನದ ಅಧ್ಯಕ್ಷೆಯನ್ನಾಗಿ ಕಾಂಗ್ರೆಸ್ಸು ಆರಿಸಿದಾಗ ಆಕೆ ಯಾವ ಭಾರತೀಯ ಮನೆತನದ ಸೊಸೆಯೂ ಆಗಿರಲಿಲ್ಲ. ಈ ದೇಶಕ್ಕಾಗಿ ಬಂಧನವನ್ನು ಅನುಭವಿಸಿ ಬಂದಿದ್ದರು, ಅಷ್ಟೇ ಸಾಕಾಗಿತ್ತು. ಪರತಂತ್ರವಾಗಿದ್ದ ರಾಷ್ಟ್ರಕ್ಕೆ ಅಂದಿದ್ದ ಔದಾರ್ಯ ಸ್ವತಂತ್ರ ರಾಷ್ಟ್ರಕ್ಕೆ ಇಲ್ಲವಾಗಬಾರದು.

ಚುನಾವಣಾ ಆಯೋಗದ ಮಾದರಿ ನೀತಿಸಂಹಿತೆಯು, ಸಾರ್ವಜನಿಕ ಕಾರ್ಯಕ್ಕೆ ಸಂಬಂಧಿಸದ ಖಾಸಗಿ ಜೀವನವನ್ನು ಟೀಕಿಸಕೂಡದೆಂದು ಎಲ್ಲ ಪಕ್ಷಗಳಿಗೂ ವಿಧಿಸಿದೆ. ಅಭ್ಯರ್ಥಿಯ ವಿವಾಹಕ್ಕಿಂತ ಖಾಸಗಿಯಾದುದು ಯಾವುದುಂಟು? ಆದುದರಿಂದ ಮುಂದಿನ ಚುನಾವಣೆಯಲ್ಲಿ ನಿಮ್ಮ ಊರಿನ ವೇದಿಕೆಯಿಂದ ಯಾವ ಪಕ್ಷದವರೇ ಆಗಲಿ, ಒಬ್ಬ ಸ್ತ್ರೀಯನ್ನು ಯಾವುದೋ ದೇಶದ, ಯಾವುದೋ ಮತದ, ಯಾವುದೋ ಮನೆತನದ ಸೊಸೆಯೆಂದು ಹಳಿದರೆ ಆ ಮಾತನ್ನು ದಿನಾಂಕಸಹಿತ ಬರೆದು ಚುನಾವಣಾಧಿಕಾರಿಗೆ ದೂರು ಕೊಡಿ. ಹೊಗಳಿದರೆ ಎದ್ದು ನಿಂತು, ಆಕೆ ಮಾಡಿರುವ ಕೆಲಸವೇನೆಂದು ಕೇಳಿ. ನೀವು ಮೆಚ್ಚುವ ಪಕ್ಷದವರೇ ಆ ಮಾತನ್ನಾಡಿದಾಗ ಮೊದಲ ದೂರು ನಿಮ್ಮದಾಗಿರಲಿ.